ಹೆರಿಗೆ ಆಸ್ಪತ್ರೆಯಲ್ಲಿ ಕುಟುಂಬದ ಸ್ಥಾನ ಮತ್ತು ಶುಶ್ರೂಷಕಿಯ ಮುಂದಾಳತ್ವ



ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಹೆರಿಗೆಯೆಂಬುದು ಮನೆಯೊಳಗಿನ ಕಾರ್ಯವಾಗಿತ್ತು. ಸೂಲಗಿತ್ತಿಯೊಡನೆ ತಾಯಿ, ಅಜ್ಜಿ, ಅತ್ತಿಗೆ ಮೊದಲಾದವರು ಬಸುರಿಯ ಬಳಿ ಕುಳಿತು ಬೆನ್ನು ನೀವಿ ಧೈರ್ಯ ಹೇಳುತ್ತಿದ್ದರು. ಆದರೆ ಅತಿಯಾದ ರಕ್ತಸ್ರಾವವೋ ನಂಜೋ ಉಂಟಾದಾಗ ಪ್ರೀತಿಯೊಂದರಿಂದಲೇ ಜೀವ ಉಳಿಯುತ್ತಿರಲಿಲ್ಲ. ಆದುದರಿಂದ ಹೆರಿಗೆಯು ಆಸ್ಪತ್ರೆಗೆ ಬಂದಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆಯೂ 2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವೂ ಆರಂಭವಾದ ಮೇಲೆ ಆಸ್ಪತ್ರೆಯ ಹೆರಿಗೆಗಳು ಬಹಳವಾಗಿ ಹೆಚ್ಚಿದವು.

ಇದರ ನಡುವೆ ಒಂದು ಕೊರತೆ ಉಳಿಯಿತು. ಮನೆಯವರನ್ನು ಬಾಗಿಲಲ್ಲೇ ನಿಲ್ಲಿಸಿ, ನೋವಿನಲ್ಲಿರುವ ಹೆಣ್ಣುಮಗಳೊಬ್ಬಳನ್ನೇ ಒಳಗೆ ಕರೆದೊಯ್ಯುವುದು ವಾಡಿಕೆಯಾಯಿತು. ಒಬ್ಬಂಟಿತನಕ್ಕೆ ಅಂಜಿ ಆಸ್ಪತ್ರೆಗೆ ಹೊರಡಲು ತಡಮಾಡುವವರು ಇಂದಿಗೂ ಉಂಟು. ಆ ತಡವೇ ತಾಯಿಗೂ ಮಗುವಿಗೂ ಅಪಾಯಕರವಾದುದು.

ಈ ಕೊರತೆಯನ್ನು ನೀಗಿಸಲು ಕೇಂದ್ರ ಸರ್ಕಾರವು 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೊಠಡಿಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದೆಂದು ತಿಳಿಸಿತು. ಆಕೆಯು ಹೆರಿಗೆಯ ಅನುಭವವುಳ್ಳವಳಾಗಿರಬೇಕು, ಅಂಟುರೋಗವಿಲ್ಲದವಳಾಗಿರಬೇಕು, ಶುಚಿಯಾದ ಬಟ್ಟೆ ತೊಟ್ಟಿರಬೇಕು. ಸಿಬ್ಬಂದಿಯ ಕೆಲಸಕ್ಕೆ ಅಡ್ಡಬರಬಾರದು. ಮರೆಯ ಏರ್ಪಾಡಿರುವ ಕಡೆ ಪತಿಯೂ ಜೊತೆಗಿರಬಹುದು. ಆಪ್ತರೊಬ್ಬರು ಎಡೆಬಿಡದೆ ಬಳಿಯಲ್ಲಿದ್ದರೆ ನೋವಿನ ಅವಧಿ ಕಡಿಮೆಯಾಗುವುದೆಂದೂ ಸಹಜ ಹೆರಿಗೆಯ ಸಂಭವ ಹೆಚ್ಚುವುದೆಂದೂ ಅನೇಕ ದೇಶಗಳ ಅಧ್ಯಯನಗಳಿಂದ ಸಿದ್ಧವಾಗಿದೆ.

ಆದರೆ ಆದೇಶ ಬಂದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ವೈದ್ಯರು ಬಂದು ಹೋಗುವವರು. ಹಗಲಿರುಳು ಹೆರಿಗೆ ಕೊಠಡಿಯನ್ನು ನಡೆಸುವವಳು ಶುಶ್ರೂಷಕಿ. ಜನ ಹೆಚ್ಚಿದರೆ ಸೋಂಕು ಹೆಚ್ಚುವುದೆಂದು ವೈದ್ಯರು ಶಂಕಿಸಿದಾಗ, "ಮಂಚಕ್ಕೊಂದು ಪರದೆ, ತಾಯಿಗೊಬ್ಬಳೇ ಜೊತೆಗಾತಿ, ಒಳಬರುವ ಮುನ್ನ ಸೋಪಿನಿಂದ ಕೈತೊಳೆಯುವುದು" ಎಂಬ ಕಟ್ಟಳೆಯನ್ನು ಮಾಡಿ ತೋರಿಸಬಲ್ಲವಳು ಆಕೆಯೇ. ಕಿರಿಯರಿಗೆ ಗದರದೆ ಮಾತನಾಡುವುದನ್ನು ಕಲಿಸುವವಳೂ, ಗಾಬರಿಗೊಂಡ ಅತ್ತೆಗೆ ಕೆಲಸವೊಂದನ್ನು ಒಪ್ಪಿಸಿ ಸಮಾಧಾನಪಡಿಸುವವಳೂ ಆಕೆಯೇ. ಶುಶ್ರೂಷಕಿಯು ಮುಂದಾಳಾದ ಕಡೆ ಮನೆಯವರು ಅಡಚಣೆಯಾಗದೆ ನೆರವಾಗುತ್ತಾರೆ.

ಕಡಿಮೆ ತೂಕದ ಮಗುವಿನ ವಿಷಯದಲ್ಲಿ ಈ ನೆರವು ಪ್ರಾಣವನ್ನೇ ಉಳಿಸುತ್ತದೆ. ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿ ಕಟ್ಟುವ ಕಾಂಗರೂ ಆರೈಕೆಯು 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಆರಂಭವಾಯಿತು. ದೆಹಲಿಯ ಆಸ್ಪತ್ರೆಯೊಂದನ್ನೂ ಒಳಗೊಂಡು ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1 ಕಿಲೋಗ್ರಾಮಿನಿಂದ 1.8 ಕಿಲೋಗ್ರಾಮಿನೊಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ನೀಡಿದಾಗ, ಮೊದಲ 28 ದಿನಗಳ ಸಾವು ನೂರಕ್ಕೆ 25ರಷ್ಟು ತಗ್ಗಿತು. ತಾಯಿಗೆ ಆಯಾಸವಾದಾಗ ತಂದೆಯೂ ಅಜ್ಜಿಯೂ ಎದೆಗೊರಗಿಸಿಕೊಳ್ಳಬಹುದು. ಕಟ್ಟುವ ಕ್ರಮವನ್ನು ಶುಶ್ರೂಷಕಿ ಕಲಿಸುತ್ತಾಳೆ. ಗಂಡಸು ಇದಕ್ಕೆ ನಾಚಬೇಕಾಗಿಲ್ಲ.

ಇನ್ನು ನೀವು ಮಾಡತಕ್ಕುದೇನು?

1. ಜೊತೆಗೆ ಯಾರಿರಬೇಕೆಂಬುದನ್ನು ಗರ್ಭಿಣಿಯೇ ಆರಿಸಲಿ. ತಪಾಸಣೆಗೆ ಬಂದಾಗಲೇ ಶುಶ್ರೂಷಕಿಗೆ ತಿಳಿಸಿರಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಸಂಪ್ರದಾಯವಿರುವುದರಿಂದ, ಆ ಊರಿನ ಆಶಾ ಕಾರ್ಯಕರ್ತೆಗೂ ತಾಯಿ ಕಾರ್ಡನ್ನು ತೋರಿಸಿರಿ. ಪತಿಯು ಹೆರಿಗೆಯ ಸುದ್ದಿಗಾಗಿ ಕಾಯದೆ ದಿನ ಹತ್ತಿರವಾದಾಗಲೇ ಅಲ್ಲಿಗೆ ಹೋಗಲಿ.

2. ನೋವು ಬಂದಾಗ ನಡೆದಾಡಿಸಿರಿ, ನೀರು ಕುಡಿಸಿರಿ, ಬೆನ್ನು ನೀವಿರಿ. ಹೊಟ್ಟೆಯನ್ನು ಒತ್ತಬೇಡಿರಿ. ನೋವು ಹೆಚ್ಚಿಸುವ ಇಂಜೆಕ್ಷನ್ ಕೊಡಿರೆಂದು ಒತ್ತಾಯಿಸಬೇಡಿರಿ.

3. ಮಗುವಿಗೆ ಒಂದು ಗಂಟೆಯೊಳಗೆ ಮೊಲೆಹಾಲು ಸಿಗಲಿ. ಜೇನು, ಸಕ್ಕರೆ ನೀರು ಬೇಡ. ಮೊದಲ ದಿನ ಸ್ನಾನವೂ ಬೇಡ.

4. ಸಹಜ ಹೆರಿಗೆಯ ನಂತರವೂ 48 ಗಂಟೆ ಆಸ್ಪತ್ರೆಯಲ್ಲೇ ಉಳಿಯಿರಿ. ಬಟ್ಟೆ ತೊಯ್ಯುವಷ್ಟು ರಕ್ತ, ಫಿಟ್ಸ್, ಕಣ್ಣು ಮಂಜಾಗುವಂಥ ತಲೆನೋವು, ಜ್ವರ, ಮಗು ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು, ಉಸಿರಿನ ವೇಗ ಹೆಚ್ಚುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಕೂಡಲೇ ಶುಶ್ರೂಷಕಿಯನ್ನು ಕರೆಯಿರಿ. ಮನೆಗೆ ಹೋದ ಮೇಲೆ ಕಂಡರೆ 108ಕ್ಕೆ ಕರೆ ಮಾಡಿರಿ.

ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷದ ಅಂತರವಿರುವುದು ಲೇಸು. ಇದಕ್ಕೆ ತಕ್ಕ ವಿಧಾನಗಳನ್ನು ಶುಶ್ರೂಷಕಿ ವಿವರಿಸುವಾಗ ದಂಪತಿಗಳಿಬ್ಬರೂ ಕೂಡಿ ಕೇಳಿರಿ. ಪತ್ನಿಯ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಯಾವುದನ್ನೂ ನಿರ್ಧರಿಸಬಾರದು.

ಆಸ್ಪತ್ರೆಯು ನಿಮ್ಮದು. ಮುಂದಿನ ಸಲ ತಪಾಸಣೆಗೆ ಬಂದಾಗ, "ಸಿಸ್ಟರ್, ಜೊತೆಗೆ ಯಾರು ಬರಬಹುದು?" ಎಂದು ಸಂಕೋಚವಿಲ್ಲದೆ ಕೇಳಿರಿ. ಆ ಒಂದು ಪ್ರಶ್ನೆಯಿಂದ ನಿಮ್ಮ ಮನೆಯ ಹೆಣ್ಣುಮಗಳ ಭಯ ಅರ್ಧ ಕಳೆಯುವುದು.