ಪುದೀನ: ತಂಪೋ, ಉಷ್ಣವೋ?



ಬೆಳಗಾವಿಯ ರವಿವಾರ ಪೇಟೆಯು ಕಿರಾಣಿ ಸಾಮಾನಿನ ಸಗಟು ವ್ಯಾಪಾರಕ್ಕೆ ಹೆಸರಾದುದು. ಜೀರಿಗೆ, ಅಜವಾನ, ಒಣಶುಂಠಿ, ಕರ್ಪೂರ ಮೊದಲಾಗಿ ಅಡಿಗೆಗೂ ಔಷಧಕ್ಕೂ ಸಮನಾಗಿ ಸಲ್ಲುವ ಪದಾರ್ಥಗಳು ಇಂಥ ಪೇಟೆಗಳಿಂದಲೇ ನಮ್ಮ ಮನೆಗಳನ್ನು ಸೇರುತ್ತವೆ. ಕೊತ್ತಂಬರಿಯೊಡನೆ ಕಾಯಿಪಲ್ಯದ ಬುಟ್ಟಿಯಲ್ಲಿ ಬರುವ ಪುದೀನವೂ ಈ ಜಾತಿಗೇ ಸೇರಿದ್ದು.

ಪುದೀನ ತಂಪೆಂದು ಜನರ ನಂಬಿಕೆ. ಆದುದರಿಂದಲೇ ಬೇಸಗೆಯಲ್ಲಿ ಅದನ್ನು ಮಜ್ಜಿಗೆಗೂ ಕಬ್ಬಿನ ಹಾಲಿಗೂ ಬೆರೆಸುತ್ತೇವೆ. ಆದರೆ ಆಯುರ್ವೇದದ ದ್ರವ್ಯಗುಣಶಾಸ್ತ್ರವು ಅದನ್ನು ಉಷ್ಣವೀರ್ಯವೆಂದು ಎಣಿಸುತ್ತದೆ. ನಾಲಗೆ ಒಂದು ಹೇಳಿದರೆ ಶಾಸ್ತ್ರವು ಮತ್ತೊಂದು ಹೇಳುವುದೇಕೆ?

ಪುದೀನವೆಂಬುದು ಪಾರಸಿಯಿಂದ ಬಂದ ಹೆಸರು. ಸಂಸ್ಕೃತದಲ್ಲಿ ಇದಕ್ಕೆ ಪೂತಿಹಾ ಎನ್ನುತ್ತಾರೆ. ದುರ್ಗಂಧವನ್ನು ಕಳೆಯತಕ್ಕುದೆಂದು ಅರ್ಥ. ರಸದಲ್ಲಿ ಕಟು, ಗುಣದಲ್ಲಿ ಲಘು, ವಾತಕಫಗಳನ್ನು ಶಮನಗೊಳಿಸತಕ್ಕುದು, ರುಚಿಯನ್ನೂ ಜಠರಾಗ್ನಿಯನ್ನೂ ಹೆಚ್ಚಿಸತಕ್ಕುದು ಎಂಬುದು ವೈದ್ಯರ ಮತ. ಅಜೀರ್ಣ, ಹೊಟ್ಟೆಯುಬ್ಬರ, ಅರುಚಿ, ಓಕರಿಕೆಗಳಲ್ಲಿ ಇದರ ಉಪಯೋಗವುಂಟು.

ಇನ್ನು ತಂಪಿನ ಮಾತು. ಪುದೀನದಲ್ಲಿ ಹಲವು ಜಾತಿಗಳಿವೆ. ಅಡಿಗೆಗೆ ಒದಗುವ ಸಾಮಾನ್ಯ ಪುದೀನದ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವೋನ್ ಎಂಬ ದ್ರವ್ಯ. ಉತ್ತರ ಪ್ರದೇಶದಲ್ಲಿ ವಿಶೇಷವಾಗಿ ಬೆಳೆಯುವ ಮತ್ತೊಂದು ಜಾತಿಯ ಎಣ್ಣೆಯಿಂದ ಮೆಂಥಾಲನ್ನು ತೆಗೆಯುತ್ತಾರೆ. ಶೈತ್ಯವನ್ನು ಅರಿಯುವ ನರತಂತುಗಳನ್ನು ಈ ಮೆಂಥಾಲು ಕೆರಳಿಸುವುದೆಂದು 2002ರಲ್ಲಿ ಸ್ಪಷ್ಟವಾಯಿತು. ಸ್ಪರ್ಶ ಮತ್ತು ಉಷ್ಣಶೈತ್ಯಗಳ ಅರಿವನ್ನು ಕುರಿತ ಸಂಶೋಧನೆಗಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಂ ಪಟಪೂಟಿಯನ್ ಎಂಬುವರಿಗೆ 2021ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಬಾಯಿ ತಣ್ಣಗಾದಂತೆ ತೋರುವುದೇ ಹೊರತು ನಿಜವಾಗಿ ತಣ್ಣಗಾಗಿರುವುದಿಲ್ಲ. ಇದರಿಂದ ಉಷ್ಣವೀರ್ಯದ ವಾದವು ಸಿದ್ಧವಾಯಿತೆಂದು ನಾನು ಹೇಳುವುದಿಲ್ಲ. ದ್ರವ್ಯದ ಸ್ವಭಾವವನ್ನು ನಿರ್ಣಯಿಸಲು ನಾಲಗೆಯ ಸಾಕ್ಷ್ಯವೊಂದೇ ಸಾಲದು, ಇಷ್ಟೇ.

ಈ ವಿಚಾರವು ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಎದೆಯುರಿಯಿಂದ ಬಳಲುವವರು ತಂಪೆಂದು ನಂಬಿ ಪುದೀನದ ಕಷಾಯವನ್ನೂ ಮೆಂಥಾಲಿನ ಗುಳಿಗೆಗಳನ್ನೂ ಸೇವಿಸುವುದುಂಟು. ಮೆಂಥಾಲುಳ್ಳ ಎಣ್ಣೆಯು ಕರುಳಿನ ಸ್ನಾಯುಗಳನ್ನು ಸಡಿಲಿಸುತ್ತದೆ. ಕರುಳಿನ ನುಲಿತಕ್ಕೆ ಅದು ಹಿತವೇ ಸರಿ. ಆದರೆ ಅನ್ನನಾಳದ ಕೆಳಗಿನ ಬಿಗಿಯೂ ಸಡಿಲಿದರೆ ಹೊಟ್ಟೆಯ ಆಮ್ಲವು ಮೇಲೇರಿ ಉರಿಯು ಹೆಚ್ಚಬಹುದು. ಅಂಥವರು ಅದರಿಂದ ದೂರವಿರುವುದೇ ಲೇಸು.

ಮತ್ತೊಂದು ಎಚ್ಚರಿಕೆಯು ತಾಯಂದಿರಿಗೆ. ಮೆಂಥಾಲು, ಕರ್ಪೂರ, ಅಜವಾನದ ಸತ್ವ ಈ ಮೂರು ಗಟ್ಟಿ ವಸ್ತುಗಳನ್ನು ಕೂಡಿಸಿದರೆ ತಾವಾಗಿಯೇ ಕರಗಿ ದ್ರವವಾಗುತ್ತವೆ. ಅಮೃತಧಾರೆಯೆಂದು ಪ್ರಸಿದ್ಧವಾದ ಔಷಧವು ಇದೇ. ಹೆಸರು ಅಮೃತವಾದರೂ ಎಳೆಯ ಮಕ್ಕಳಿಗೆ ಅದು ಅಮೃತವಲ್ಲ. ಕರ್ಪೂರವು ಸ್ವಲ್ಪವೇ ಹೊಟ್ಟೆಗೆ ಹೋದರೂ ಮಗುವಿಗೆ ಸೆಳವು ಬರಬಹುದು. ಕೂಸಿನ ಮೂಗಿನ ಬಳಿ ಮೆಂಥಾಲನ್ನು ಸವರಿದರೆ ಉಸಿರು ಕಟ್ಟುವ ಭಯವುಂಟು. ಸೀಸೆಯನ್ನು ಮಕ್ಕಳ ಕೈಗೆಟುಕದಂತೆ ಇಡಬೇಕು. ಹಸುಗೂಸಿಗೆ ನೆಗಡಿಯಾದರೆ ವೈದ್ಯರ ಬಳಿಗೆ ಒಯ್ಯಬೇಕು.

ಹಸಿಯ ಎಲೆಯ ವಿಷಯದಲ್ಲಿ ಇಷ್ಟು ಅಂಜಿಕೆ ಬೇಡ. ಚಟ್ನಿಯಲ್ಲಿಯೂ ಮಜ್ಜಿಗೆಯಲ್ಲಿಯೂ ಅದು ಹಿತಕಾರಿ. ಬೆಳೆಯುವುದೂ ಸುಲಭ: ಎಲೆ ಬಿಡಿಸಿದ ಮೇಲೆ ಉಳಿದ ಕಾಂಡವನ್ನು ಕುಂಡದಲ್ಲಿ ಊರಿದರೆ ಚಿಗುರುತ್ತದೆ. ಖಾನಾಪುರದಂಥ ಬಲವಾದ ಮಳೆಯ ಸೀಮೆಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಬೇರು ಕೊಳೆಯುವುದು.

ದೇಶೀಯ ವೈದ್ಯವನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ಕೇಂದ್ರ ಸರಕಾರದ ಸಂಶೋಧನ ಸಂಸ್ಥೆಯೊಂದು ಬೆಳಗಾವಿಯಲ್ಲಿಯೇ ಇದೆ. ಮನೆಮದ್ದನ್ನು ಹಳೆಯದೆಂದು ತಳ್ಳುವುದೂ ಸಲ್ಲದು, ಹಳೆಯದೆಂದೇ ನಂಬುವುದೂ ಸಲ್ಲದು. ಯಾರಿಗೆ, ಯಾವಾಗ, ಎಷ್ಟು ಎಂದು ಕೇಳಿ ಕೊಡುವುದೇ ವೈದ್ಯದ ಮೊದಲ ಪಾಠ.