ಹಳೆಯ ಮೋಟಾರು ನಡುಗಿದರೆ ಮೊದಲು ಏನು ನೋಡಬೇಕು?

(ದೇಗಾಂವದಲ್ಲಿ ಸಂಜೆ ನೆರೆದ ಗ್ರಾಮಸ್ಥರ ಮುಂದೆ ಗ್ರಾಮಸೇವಕರು ಆಡಿದ ಮಾತುಗಳು)



ಬೀಜ, ಗೊಬ್ಬರ, ಔಷಧಿ ಸಿಂಪರಣೆಯ ಬಗ್ಗೆ ಮಾತನಾಡಬೇಕಾದ ಗ್ರಾಮಸೇವಕನು ಇಂದು ಮೋಟಾರಿನ ಮಾತು ತೆಗೆದುದನ್ನು ಕಂಡು ತಮಗೆ ಆಶ್ಚರ್ಯವಾಗಬಹುದು. ನಾನು ಕೃಷಿ ಡಿಪ್ಲೊಮಾ ಓದಿದವನು, ಮೋಟಾರಿನ ಮೇಸ್ತ್ರಿಯಲ್ಲ. ಆದರೂ ಈ ವಿಷಯವನ್ನು ತಮ್ಮ ಮುಂದಿಡಲು ಕಾರಣವುಂಟು. ನನ್ನದೇ ಒಂದು ತಪ್ಪಿನಿಂದ ನಮ್ಮ ಊರಿನ ಒಂದು ಕುಟುಂಬಕ್ಕೆ ದೊಡ್ಡ ಅಪಾಯ ಒದಗುವುದರಲ್ಲಿತ್ತು. ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಮೇಲೆಂದು ತಿಳಿದಿದ್ದೇನೆ.

ನಮ್ಮ ದೇಗಾಂವವೆಂದರೆ ಹೊರಗಿನವರಿಗೆ ನೆನಪಾಗುವುದು ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ. ಅದನ್ನು ನೋಡಲು ಬರುವವರ ಹೊಸ ಹೊಸ ಕಾರುಗಳನ್ನು ನಾವು ಕಾಣುತ್ತೇವೆ. ಆದರೆ ನಮ್ಮ ಮನೆಗಳ ಮುಂದೆ ನಿಂತಿರುವವು ಬಹುಮಟ್ಟಿಗೆ ಇನ್ನೊಬ್ಬರು ಓಡಿಸಿ ಬಿಟ್ಟ ಹಳೆಯ ಗಾಡಿಗಳು. ನಾನು ಹೇಳಹೊರಟಿರುವ ಗಾಡಿಯೂ ಹಳೆಯ ಅಂಬಾಸಿಡರ್. ಬಂಗಾಲದ ಉತ್ತರಪಾಡಾ ಕಾರಖಾನೆಯಲ್ಲಿ ಈ ಗಾಡಿಯ ತಯಾರಿಕೆ 2014ರಲ್ಲಿಯೇ ನಿಂತಿತು. ಅಂದಮೇಲೆ ಇಂದು ರಸ್ತೆಯ ಮೇಲಿರುವ ಅಂಬಾಸಿಡರ್ ಎಲ್ಲವೂ ಹಳೆಯದೇ. ಹಳೆಯ ಗಾಡಿ ನಡುಗಿದರೆ ನಾವು ಆಡುವ ಮಾತು ಒಂದೇ: "ಹಳೇ ಗಾಡಿ, ಇಷ್ಟು ಇರೋದ." ಈ ಮಾತೇ ನಮ್ಮ ಮೊದಲ ವೈರಿ.

ನಡೆದುದು ಹೀಗೆ. ಕಾರ್ತಿಕದ ಕೊನೆಯ ಮಳೆಯಾಗಿತ್ತು. ಬೈಲಹೊಂಗಲದ ಕಡೆಯ ಎರಿ ಹೊಲವೊಂದರಲ್ಲಿ ಕಡಲೆ ನೋಡಲೆಂದು ನಾನೂ ಗಾಡಿಯ ಯಜಮಾನರೂ ಹೋಗಿದ್ದೆವು. ಮರಳುವಾಗ ಹಿಂದಿನ ಎಡಗಾಲಿ ಪಂಕ್ಚರಾಯಿತು. ಮೊಣಕಾಲುದ್ದ ಕೆಸರಿನಲ್ಲಿಯೇ ಜಾಕು ಕೊಟ್ಟು ಗಾಲಿ ಬದಲಿಸಿದೆವು. ಪಾನಾ ಹಿಡಿದವನು ನಾನು. ಕತ್ತಲಾಗುತ್ತಿತ್ತು, ಅವಸರದಿಂದ ನಟ್ಟು ಬಿಗಿದು ಮನೆಗೆ ಬಂದೆವು.

ಮುಂದೆ ನಾಲ್ಕಾರು ದಿನಗಳಲ್ಲಿ ಯಜಮಾನರು ದೂರು ತಂದರು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಧಾರವಾಡದ ಕಡೆಗೆ ಹೊರಟಾಗ, ವೇಗ ಗಂಟೆಗೆ 60 ಕಿಲೋಮೀಟರು ಮುಟ್ಟುತ್ತಲೇ ಸ್ಟಿಯರಿಂಗು ನಡುಗುತ್ತಿತ್ತು, ಕುಳಿತ ಸೀಟೂ ಅಲುಗುತ್ತಿತ್ತು. "ಯಾವಾಗಿನಿಂದ?" ಎಂದು ಕೇಳಿದೆ. "ತಾನ ಬಂದೈತ್ರಿ" ಎಂದರು. ನಾನೂ ಒಪ್ಪಿಕೊಂಡೆ. ಪೇಟೆಯ ಒಬ್ಬ ಮೇಸ್ತ್ರಿಗೆ ತೋರಿಸಿದರು. ಅವನು ಇಂಜಿನ್ನಿನ ಕೆಳಗಿನ ರಬ್ಬರು ಬದಲಿಸಿ ಹಣ ತೆಗೆದುಕೊಂಡ. ನಡುಕ ಹಾಗೆಯೇ ಉಳಿಯಿತು.

ಆಮೇಲೆ ನಾನು ಮುಂದಿನ ಗಾಲಿಯ ಒಳಬದಿಗೆ ಕೈ ಹಾಕಿ ನೋಡಿದೆ. ರಿಮ್ಮಿನ ಒಂದು ಪಕ್ಕದಲ್ಲಿ ಎರಿ ಮಣ್ಣು ಒಣಗಿ ಕಲ್ಲಿನಂತೆ ಅಂಟಿಕೊಂಡಿತ್ತು. ಕುರ್ಚಿಗೆಯಿಂದ ಕೆರೆದು ತೊಳೆದೆವು. ಸ್ಟಿಯರಿಂಗು ಶಾಂತವಾಯಿತು. ರೋಗ ಸಿಕ್ಕಿತೆಂದು ನನಗೆ ಹಿಗ್ಗಾಯಿತು.

ಇಷ್ಟು ಮಣ್ಣಿನಿಂದ ಗಾಡಿ ನಡುಗುವುದೇ ಎಂದು ತಾವು ಕೇಳಬಹುದು. ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರು ಎಂದರೆ ನಿಮಿಷಕ್ಕೆ 1000 ಮೀಟರು. ಗಾಲಿಯ ಸುತ್ತಳತೆ ಸುಮಾರು 2 ಮೀಟರು. ಅಂದರೆ ಗಾಲಿ ನಿಮಿಷಕ್ಕೆ 500 ಸುತ್ತು, ಸೆಕೆಂಡಿಗೆ 8ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ನಡುಬಿಂದುವಿನಿಂದ ಒಂದು ಗೇಣಿನಷ್ಟು ದೂರದಲ್ಲಿ ಕೇವಲ 100 ಗ್ರಾಂ ಮಣ್ಣು ಅಂಟಿದ್ದರೂ ಆ ವೇಗದಲ್ಲಿ ಅದು 5 ಕಿಲೋಗಿಂತ ಹೆಚ್ಚಿನ ಭಾರದಂತೆ ಗಾಲಿಯನ್ನು ಹೊರಕ್ಕೆ ಜಗ್ಗುತ್ತದೆ, ಅದೂ ಸೆಕೆಂಡಿಗೆ ಎಂಟು ಸಲ. ವೇಗ ಅರ್ಧವಾದರೆ ಜಗ್ಗುವ ಬಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದಲೇ ಊರೊಳಗೆ ತೋರದ ನಡುಕ ಹೆದ್ದಾರಿಯಲ್ಲಿ ತೋರುತ್ತದೆ.

ಸ್ಟಿಯರಿಂಗಿನ ನಡುಕ ಹೋಯಿತು, ನಿಜ. ಆದರೆ ಸೀಟಿನ ಕೆಳಗಿನ ಅಲುಗಾಟ ಸ್ವಲ್ಪ ಉಳಿದಿತ್ತು. ಯಜಮಾನರು ಕೇಳಿದಾಗ ನಾನೇ ಹೇಳಿಬಿಟ್ಟೆ: "ಹಳೇ ಗಾಡಿ, ಇಷ್ಟು ಇರೋದ."

ಬನದ ಹುಣ್ಣಿಮೆ ಬಂದಿತು. ಮಕ್ಕಳು ಮರಿ ಸಹಿತ ಮನೆಮಂದಿಯೆಲ್ಲ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಎರಡು ದಿನ ಮೊದಲು ಯಜಮಾನರ ತಾಯಿ ಕಿತ್ತೂರು ಪೇಟೆಗೆಂದು ಹಿಂದಿನ ಸೀಟಿನಲ್ಲಿ ಕುಳಿತರು. ಊರು ದಾಟುವುದರೊಳಗೇ ಅವರು ಅಂದರು: "ಗಾಡಿ ನಿಂದರಸೋ. ಕಡಾಣಿ ಸಡ್ಲಾದ ಚಕ್ಕಡಿಯಂಗ ಆಗತೈತಿ." ಇಳಿದು ನೋಡಿದರು. ನಾನು ಬಿಗಿದ ಅದೇ ಹಿಂದಿನ ಎಡಗಾಲಿ. ಎರಡು ನಟ್ಟುಗಳು ಕೈಬೆರಳಿನಿಂದಲೇ ತಿರುಗಿದವು. ನಟ್ಟಿನ ಸುತ್ತ ತುಕ್ಕಿನ ಕೆಂಪು ಪುಡಿ ಇಳಿದಿತ್ತು. ರಿಮ್ಮಿನ ತೂತುಗಳು ಸವೆದು ಮೊಟ್ಟೆಯಾಕಾರವಾಗಿದ್ದವು. ಏಳೆಂಟು ಮಂದಿ ತುಂಬಿಕೊಂಡು ಗುಡ್ಡದ ಇಳಿಜಾರಿನಲ್ಲಿ ಆ ಗಾಲಿ ಕಳಚಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಕಾರಣ ಸರಳ. ಗಾಲಿ ಏರಿಸುವಾಗ ರಿಮ್ಮು ಮತ್ತು ಡ್ರಮ್ಮು ಕೂಡುವ ಜಾಗದಲ್ಲಿ ಕೆಸರು ಉಳಿದಿತ್ತು. ನಟ್ಟು ಬಿಗಿಯಿತು, ಆದರೆ ಬಿಗಿದದ್ದು ಕೆಸರಿನ ಮೇಲೆ. ಕೆಸರು ಒಣಗಿ ಪುಡಿಯಾಗಿ ಉದುರಿದಂತೆ ನಟ್ಟು ಸಡಿಲಾಯಿತು. ರಿಮ್ಮು ಅಲುಗಿ ಅಲುಗಿ ತೂತು ಸವೆಯಿತು. ರಿಮ್ಮನ್ನೂ ಅದರ ಬೋಲ್ಟುಗಳನ್ನೂ ಬದಲಿಸಬೇಕಾಯಿತು. ಕೆಸರು ಒರೆಸಲು ಅಂದು ಬೇಕಾಗಿದ್ದುದು ಒಂದು ಚಿಂದಿ ಬಟ್ಟೆ.

ಈ ಅನುಭವದಿಂದ ಕಲಿತುದನ್ನು ಈಗ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ನಡುಕ ಎಂದಿನಿಂದ ಆರಂಭವಾಯಿತು, ಅದಕ್ಕೆ ಮೊದಲು ಗಾಡಿಗೆ ಏನು ಮಾಡಿದಿರಿ ಎಂದು ಕೇಳಿಕೊಳ್ಳಿ. ಬೆಳೆ ಹಳದಿಯಾದರೆ ಕೂಡಲೇ ಔಷಧಿ ಹೊಡೆಯಬೇಡಿರೆಂದು ನಾನು ತಮಗೆ ಹೇಳುತ್ತಿರುತ್ತೇನೆ. ಹಳೆಯ ಎಲೆ ಮೊದಲು ಹಳದಿಯಾಯಿತೋ, ಹೊಸ ಚಿಗುರೋ? ಹಳೆಯ ಎಲೆಯಾದರೆ ಸಾರಜನಕದ ಕೊರತೆಯ ಸಂಶಯ. ಚಿಗುರಾದರೆ ಕಬ್ಬಿಣ ಅಥವಾ ಗಂಧಕದ ಕೊರತೆಯ ಸಂಶಯ. ಗಾಡಿಗೂ ಇದೇ ನ್ಯಾಯ. "ತಾನ ಬಂದೈತಿ" ಎಂಬ ಉತ್ತರವನ್ನು ಒಪ್ಪಬೇಡಿರಿ. ಗಾಲಿ ಬಿಚ್ಚಿದುದು, ಕೆಸರಿಗೆ ಇಳಿದುದು, ಗುಂಡಿಗೆ ಬಡಿದುದು, ತಿಂಗಳುಗಟ್ಟಲೆ ನಿಂತಿದ್ದುದು, ಇವನ್ನೆಲ್ಲ ನೆನಪು ಮಾಡಿಕೊಳ್ಳಿ.

ಎರಡನೆಯದಾಗಿ, ಗಾಡಿಯನ್ನು ನಿಲ್ಲಿಸಿಯೇ ಇಂಜಿನ್ನಿನ ವೇಗ ಏರಿಸಿ ನೋಡಿ. ನಿಂತಲ್ಲಿಯೇ ನಡುಗಿದರೆ ದೋಷ ಇಂಜಿನ್ನಿನ ಕಡೆಗಿದೆ. ಅದರ ಕೆಳಗಿನ ರಬ್ಬರು ಹರಿದಿರಬಹುದು, ಇಲ್ಲವೆ ಒಂದು ಸಿಲಿಂಡರು ಸರಿಯಾಗಿ ಉರಿಯದಿರಬಹುದು. ಓಡುವಾಗ ಮಾತ್ರ ನಡುಗಿದರೆ ಗಾಲಿಗಳತ್ತ ನೋಡಬೇಕು. ಆ ಮೇಸ್ತ್ರಿ ಈ ಒಂದು ಪರೀಕ್ಷೆ ಮಾಡಿದ್ದರೆ ರಬ್ಬರಿನ ಹಣ ಉಳಿಯುತ್ತಿತ್ತು.

ಮೂರನೆಯದಾಗಿ, ನಡುಕ ಎಲ್ಲಿ ತಿಳಿಯುತ್ತದೆಂಬುದನ್ನು ಗಮನಿಸಿ. ಸ್ಟಿಯರಿಂಗಿನಲ್ಲಿ ತಿಳಿದರೆ ಸಾಮಾನ್ಯವಾಗಿ ಮುಂದಿನ ಗಾಲಿ. ಸೀಟಿನಲ್ಲಿ ತಿಳಿದರೆ ಹಿಂದಿನ ಗಾಲಿ, ಇಲ್ಲವೆ ಇಂಜಿನ್ನಿನಿಂದ ಹಿಂದಿನ ಅಚ್ಚಿಗೆ ಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟು. ಈ ಶಾಫ್ಟು ಗಾಲಿಗಿಂತ ನಾಲ್ಕು ಪಟ್ಟಿನಷ್ಟು ಬೇಗ ತಿರುಗುವುದರಿಂದ ಅದರ ನಡುಕ ದುಂಬಿಯ ಗುಂಯ್‌ಗುಟ್ಟುವಿಕೆಯಂತೆ ಸಣ್ಣದಾಗಿರುತ್ತದೆ. ಗಾಲಿಯದು ಕುಲುಕಾಟದಂತೆ ದಪ್ಪಗಿರುತ್ತದೆ. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡ್ರಮ್ಮು ದುಂಡಗೆ ಉಳಿದಿಲ್ಲವೆಂದು ಸಂಶಯಪಡಿ.

ನಾಲ್ಕನೆಯದಾಗಿ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ. ನಟ್ಟು ಬಿಗಿಯಿವೆಯೇ? ರಿಮ್ಮಿನ ಒಳಗೆ ಮಣ್ಣಿದೆಯೇ? ಟೈರು ಉಬ್ಬಿದೆಯೇ? ಗಾಳಿ ಸರಿಯಿದೆಯೇ? ಆಮೇಲೆ ಗಾಡಿ ಎತ್ತಿ, ಗಟ್ಟಿಯಾದ ಆಧಾರ ಕೊಟ್ಟು, ಗಾಲಿಯ ಮೇಲೂ ಕೆಳಗೂ ಹಿಡಿದು ಅಲುಗಿಸಿ. ಕಟಕಟ ಎಂದರೆ ಬೇರಿಂಗು ಅಥವಾ ಕೀಲು ಸವೆದಿದೆ. ರಿಮ್ಮಿನ ಪಕ್ಕಕ್ಕೆ ಒಂದು ಕಲ್ಲಿಟ್ಟು ಗಾಲಿ ತಿರುಗಿಸಿದರೆ ಸೊಟ್ಟ ರಿಮ್ಮು ಕಣ್ಣಿಗೇ ಕಾಣುತ್ತದೆ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ಎಂದಿಗೂ ತೂರಬಾರದು.

ಐದನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ವಹಿಯಲ್ಲಿ ಬರೆದಿಡಿ. ನಾಲ್ಕು ಔಷಧಿ ಕೂಡಿಸಿ ಹೊಡೆದವನಿಗೆ ಯಾವುದರಿಂದ ಹುಳ ಸತ್ತಿತೆಂದು ತಿಳಿಯುವುದಿಲ್ಲ.

ಗಾಲಿ ಏರಿಸುವಾಗ ರಿಮ್ಮು ಕೂಡುವ ಜಾಗವನ್ನು ಒರೆಸಿರಿ. ನಟ್ಟಿನ ಇಳಿಜಾರು ಮುಖ ರಿಮ್ಮಿನ ಕಡೆಗಿರಲಿ. ಒಂದರ ಪಕ್ಕದ ಇನ್ನೊಂದನ್ನು ಬಿಗಿಯದೆ ಎದುರುಬದುರಾಗಿ ಬಿಗಿಯಿರಿ. ಗಾಲಿ ನೆಲಕ್ಕೆ ಇಳಿದ ಮೇಲೆ ಪೂರ್ತಿ ಬಿಗಿ ಕೊಡಿರಿ. 50ರಿಂದ 100 ಕಿಲೋಮೀಟರು ಓಡಿದ ನಂತರ ಮತ್ತೊಮ್ಮೆ ಪಾನಾ ಹಾಕಿ ನೋಡಿರಿ.

ಕೊನೆಯದಾಗಿ ಒಂದು ಮಾತು. ಮಣ್ಣು ಸಿಕ್ಕಿತೆಂದು ನಾನು ಹುಡುಕುವುದನ್ನು ನಿಲ್ಲಿಸಿದೆ. ಅದು ನಿಜವಾದ ಕಾರಣವೇ ಆಗಿತ್ತು. ಆದರೆ ಅದೊಂದೇ ಕಾರಣವಾಗಿರಲಿಲ್ಲ. ನಡುಕ ಪೂರ್ತಿ ನಿಲ್ಲುವವರೆಗೆ ಹುಡುಕಾಟ ನಿಲ್ಲಬಾರದು. ದಿನದಿಂದ ದಿನಕ್ಕೆ ಹೆಚ್ಚುವ ನಡುಕವಿದ್ದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿರಿ.

ಆ ತಾಯಿ ಮೋಟಾರು ಓಡಿಸಿದವರಲ್ಲ. ಆದರೆ ಚಕ್ಕಡಿಯಲ್ಲಿ ಕುಳಿತು ಕುಳಿತು ಅವರ ಮೈಗೆ ಗಾಲಿಯ ಭಾಷೆ ತಿಳಿದಿತ್ತು. ಹಿಂದೆ ಕುಳಿತವರು ಏನಾದರೂ ಅಂದರೆ ಮುಂದೆ ಕುಳಿತವರು ಕಿವಿಗೊಡಲಿ. ಆ ಮನೆಯವರು ಒಂದು ದಿನ ತಡವಾಗಿ, ಎಲ್ಲರೂ ಸುಖವಾಗಿ ಗುಡ್ಡಕ್ಕೆ ಹೋಗಿ ಬಂದರು. ನನಗೂ ಭಂಡಾರ ತಂದುಕೊಟ್ಟರು. ನಾಳೆ ಬೆಳಿಗ್ಗೆ ತಮ್ಮ ತಮ್ಮ ಗಾಡಿ, ಟ್ರ್ಯಾಕ್ಟರು, ಟ್ರೇಲರುಗಳ ನಟ್ಟುಗಳಿಗೆ ಒಮ್ಮೆ ಪಾನಾ ಹಾಕಿ ನೋಡಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.