ಕಾಡಿನ ಇಂಗಾಲ: ಕೊಳಗ ಯಾರ ಕೈಯಲ್ಲಿ?

(ರೈತ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಕಾಡಿನಲ್ಲಿಯೂ ನೆಡುತೋಪುಗಳಲ್ಲಿಯೂ ಸೇರಿಕೊಂಡಿರುವ ಇಂಗಾಲವನ್ನು ಅಳೆಯುವುದು ಹೇಗೆ, ಮುಂದೆ ಎಷ್ಟು ಸೇರೀತೆಂದು ಅಂದಾಜು ಕಟ್ಟುವುದು ಹೇಗೆ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ಇದು ವಿಜ್ಞಾನಿಗಳ ಗೊಡವೆಯಾಯಿತು, ರೈತರ ಶಿಬಿರದಲ್ಲಿ ಇದಕ್ಕೇನು ಕೆಲಸವೆಂದು ನಿನ್ನೆ ರಾತ್ರಿ ಊಟದ ಪಂಕ್ತಿಯಲ್ಲಿ ಒಬ್ಬರು ಕೇಳಿದರು. ಕೆಲಸವಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಮೂಲದಲ್ಲಿದ್ದದ್ದು ಒಂದು ಅಳತೆ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದಾಗಿರಬೇಕೆಂಬ ಪ್ರಶ್ನೆ. ಭತ್ತ ಬೆಳೆದವನೊಬ್ಬ, ಕೊಳಗ ಹಿಡಿದವನು ಇನ್ನೊಬ್ಬ. ಈಗ ನಮ್ಮ ಕಾಡು ಬೆಟ್ಟಗಳಿಗೂ ಒಂದು ಹೊಸ ಕೊಳಗ ಬಂದಿದೆ. ಅದರ ತಳ ಎಲ್ಲಿದೆ, ಬಾಯಿ ಎಲ್ಲಿದೆ ಎಂಬುದನ್ನು ತಿಳಿಯದೆ ಕುಳಿತರೆ ಕಾಗೋಡಿನ ಕತೆಯಿಂದ ನಾವು ಏನೂ ಕಲಿತಂತಾಗಲಿಲ್ಲ.

ಮೊದಲು ವಿಷಯ ಸ್ಪಷ್ಟವಾಗಲಿ. ಮರವು ಗಾಳಿಯಲ್ಲಿರುವ ಇಂಗಾಲಾಮ್ಲವಾಯುವನ್ನು, ಎಂದರೆ ಈಗ ಶಾಲೆಯ ಪುಸ್ತಕದಲ್ಲಿ ಇಂಗಾಲದ ಡೈಆಕ್ಸೈಡ್ ಎನ್ನುತ್ತಾರಲ್ಲ ಅದನ್ನು, ಎಲೆಗಳ ಮೂಲಕ ಹೀರಿ ಕಟ್ಟಿಗೆಯಾಗಿ ಮಾಡಿಕೊಳ್ಳುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ, ಲೆಕ್ಕದವರು ಹಿಡಿಯುವಂತೆ ನೂರಕ್ಕೆ 47 ಪಾಲು, ಇಂಗಾಲ. ಕಲ್ಲಿದ್ದಲು, ಪೆಟ್ರೋಲು ಉರಿಸಿ ಕಾರ್ಖಾನೆಗಳು ಗಾಳಿಗೆ ಬಿಟ್ಟದ್ದರಲ್ಲಿ ಒಂದಂಶವನ್ನು ಕಾಡು ಹೀಗೆ ಹಿಡಿದಿಟ್ಟುಕೊಂಡಿದೆ. ಆದುದರಿಂದಲೇ ಅದಕ್ಕೆ ಈಗ ಬೆಲೆ ಬಂದಿದೆ, ಬೆಲೆ ಬಂದಕೂಡಲೆ ವ್ಯಾಪಾರಿಯೂ ಬಂದಿದ್ದಾನೆ.

ನಿಂತ ಮರವನ್ನು ತಕ್ಕಡಿಗೆ ಹಾಕಲು ಬರುವುದಿಲ್ಲ. ಹಾಗಾಗಿ ಸುತ್ತಳತೆಯಿಂದ ತೂಕಕ್ಕೆ ಹೋಗಬೇಕು. ನೆಲದಿಂದ ಎದೆಮಟ್ಟಕ್ಕೆ, ನಮ್ಮ ದೇಶದ ಅರಣ್ಯ ಇಲಾಖೆಗಳ ರೂಢಿಯಂತೆ 1.37 ಮೀಟರ್ ಎತ್ತರದಲ್ಲಿ, ಟೇಪು ಸುತ್ತುತ್ತಾರೆ. ಮರದ ಎತ್ತರ ನೋಡುತ್ತಾರೆ. ಕಟ್ಟಿಗೆಯ ಸಾಂದ್ರತೆಯನ್ನು, ಎಂದರೆ ನೀರಿಗೆ ಹೋಲಿಸಿದರೆ ಒಣ ಕಟ್ಟಿಗೆ ಎಷ್ಟು ಭಾರವೆಂಬುದನ್ನು, ಜಾತಿವಾರು ಪಟ್ಟಿಯಿಂದ ತೆಗೆದುಕೊಳ್ಳುತ್ತಾರೆ. ಈ ಮೂರನ್ನು ಒಂದು ಸೂತ್ರಕ್ಕೆ ಹಾಕಿದರೆ ತೂಕ ಸಿಗುತ್ತದೆ. ಸೂತ್ರ ಆಕಾಶದಿಂದ ಉದುರಿದ್ದಲ್ಲ. ಯಾರೋ ಎಲ್ಲಿಯೋ ನಿಜವಾಗಿ ಮರ ಕಡಿದು, ಕಾಂಡ, ಕೊಂಬೆ, ಎಲೆ ಬೇರೆ ಬೇರೆ ತೂಗಿ, ಒಣಗಿಸಿ ಮತ್ತೆ ತೂಗಿ ಕಟ್ಟಿದ್ದು. ಉಷ್ಣವಲಯದ ಕಾಡುಗಳಿಗೆ ಇಂದು ಬಹಳವಾಗಿ ಬಳಸುವ ಸೂತ್ರ 2014ರದು. ಅದಕ್ಕೆ ಆಧಾರ 58 ಕಡೆಗಳಲ್ಲಿ ಕಡಿದು ತೂಗಿದ 4004 ಮರಗಳು.

ಆ ಸೂತ್ರದಿಂದ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಸುತ್ತಳತೆ 157 ಸೆಂಟಿಮೀಟರ್, ಎತ್ತರ 20 ಮೀಟರ್, ಸಾಂದ್ರತೆ 0.6 ಇರುವ ಒಂದು ಕಾಡುಮರ. ನೆಲದ ಮೇಲಿನ ಒಣತೂಕ ಸುಮಾರು 1,575 ಕಿಲೋ. ಅದರಲ್ಲಿ ಇಂಗಾಲ 740 ಕಿಲೋ. ಅದೇ ಸಾಂದ್ರತೆಯ, 47 ಸೆಂಟಿಮೀಟರ್ ಸುತ್ತಳತೆಯ, 15 ಮೀಟರ್ ಎತ್ತರದ ಒಂದು ಎಳೆ ಅಕೇಸಿಯ ತೆಗೆದುಕೊಳ್ಳಿ. ತೂಕ ಸುಮಾರು 114 ಕಿಲೋ ಮಾತ್ರ. ಒಂದು ದೊಡ್ಡ ಮರ ಬಿದ್ದರೆ ಅದರ ಸಮಕ್ಕೆ ಇಂಥ ಹದಿನಾಲ್ಕು ಗಿಡ ನಿಲ್ಲಬೇಕು. ಒಂದು ಮರಕ್ಕೆ ಬದಲು ಎರಡು ಸಸಿ ನೆಟ್ಟೆವೆಂದು ಭಾಷಣ ಮಾಡುವ ಮಂತ್ರಿಗಳ ಮುಂದೆ ಈ ಲೆಕ್ಕವನ್ನು ಇಡಬಹುದು.

ಇಲ್ಲಿಯೇ ಮೊದಲನೆಯ ಮೋಸಕ್ಕೂ ಜಾಗವಿದೆ. ಒಂದು ಟನ್ ಇಂಗಾಲವೆಂದರೆ 3.67 ಟನ್ ಇಂಗಾಲಾಮ್ಲವಾಯು. ನಿಮ್ಮ ಕರಾರಿನಲ್ಲಿ ಬರಿದೆ ‘ಟನ್’ ಎಂದಿದ್ದರೆ ಯಾವುದರ ಟನ್ ಎಂದು ಕೇಳಿ. ಒಂದರ ಬೆಲೆ ಹೇಳಿ ಇನ್ನೊಂದನ್ನು ಅಳೆದುಕೊಂಡರೆ ನಾಲ್ಕರಲ್ಲಿ ಮೂರು ಪಾಲು ಕೈಬಿಟ್ಟಂತೆ.

ಸೂತ್ರ ಒಂದೊಂದೇ ಮರಕ್ಕೆ ಬಹಳ ತಪ್ಪೀತು; ನೂರಾರು ಮರಗಳ ಮೊತ್ತಕ್ಕೆ ಸಾಕಷ್ಟು ಸರಿಹೋಗುತ್ತದೆ. ಆದರೆ ನಮ್ಮ ಸೊಪ್ಪಿನ ಬೆಟ್ಟಗಳನ್ನು ನೆನೆಸಿಕೊಳ್ಳಿ. ಅಡಿಕೆ ತೋಟಕ್ಕಾಗಿ ತಲೆಮಾರುಗಳಿಂದ ಕೊಂಬೆ ಕಡಿದು ಸೊಪ್ಪು ತಂದಿದ್ದೇವೆ. ಆ ಮರಗಳ ಬುಡ ದಪ್ಪ, ತಲೆ ಬೋಳು. ತಲೆ ತುಂಬಿದ ಮರಗಳಿಂದ ಕಟ್ಟಿದ ಸೂತ್ರವನ್ನು ಇವಕ್ಕೆ ಹಚ್ಚಿದರೆ ಇಲ್ಲದ ಕೊಂಬೆಗಳ ತೂಕವೂ ಪುಸ್ತಕಕ್ಕೆ ಏರುತ್ತದೆ. ಒಳಗೆ ಪೊಟರೆಯಾದ ಹಳೆಯ ಮರಗಳದೂ ಇದೇ ಕತೆ. ಇದನ್ನು ನೋಡಿ ಗುರುತಿಸಲು ಡಿಗ್ರಿ ಬೇಡ, ಆ ಬೆಟ್ಟದಲ್ಲಿ ಕತ್ತಿ ಹಿಡಿದು ಹತ್ತಿದವನೊಬ್ಬ ಜೊತೆಯಲ್ಲಿದ್ದರೆ ಸಾಕು.

ಮರದ ಮೇಲ್ಭಾಗ ಲೆಕ್ಕದ ಒಂದು ಖಾನೆ ಅಷ್ಟೆ. ಬೇರು, ಬಿದ್ದ ಮರ, ದರಗು, ಮಣ್ಣು, ಹೀಗೆ ಇನ್ನೂ ನಾಲ್ಕು ಖಾನೆಗಳಿವೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ 2023ರ ವರದಿಯಂತೆ ದೇಶದ ಕಾಡುಗಳಲ್ಲಿರುವ ಇಂಗಾಲ ಸುಮಾರು 728 ಕೋಟಿ ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಕಣ್ಣಿಗೆ ಕಾಣದ ಮಣ್ಣಿನಲ್ಲಿ! ಮಣ್ಣನ್ನು ಅಳೆಯಬೇಕಾದರೆ ಗುಂಡಿ ತೆಗೆಯಬೇಕು, ಸಾಮಾನ್ಯವಾಗಿ 30 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಮರ ಬೆಳೆದದ್ದು ಐದು ವರ್ಷದಲ್ಲಿ ತಿಳಿಯುತ್ತದೆ. ಮಣ್ಣು ಬದಲಾದದ್ದು ತಿಳಿಯಲು ಬಹಳ ಕಾಲ ಬೇಕು. ಬುಲ್ಡೋಜರ್ ತಂದು ಬೆಟ್ಟ ಕೆರೆದು ಕಂದಕ ಹೊಡೆದು ನೆಡುತೋಪು ಮಾಡುವವರು ಮೇಲಿನ ಗಿಡ ತೋರಿಸುತ್ತಾರೆ. ಕೆರೆದ ಮಣ್ಣಿನಿಂದ ಹೊರಟುಹೋದ ಇಂಗಾಲದ ಮಾತು ಎತ್ತುವುದಿಲ್ಲ.

ಇನ್ನು ಕಾಡು ಎಂದರೆ ಏನು? ಆ ಸಂಸ್ಥೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ನೂರಕ್ಕೆ 10 ಪಾಲು ನೆಲ ಮರದ ನೆರಳಿನಲ್ಲಿದ್ದರೆ ಅದು ಅರಣ್ಯಾವರಣ. ಜಮೀನು ಯಾರದು, ಮರ ಯಾವ ಜಾತಿಯದು ಎಂಬ ಪ್ರಶ್ನೆಯಿಲ್ಲ. ಕೊಡಗಿನ ಕಾಫಿ ತೋಟ, ತಾಳೆ ಜಾತಿಯ ತೋಪು, ನೀಲಗಿರಿ ಎಲ್ಲವೂ ಅದರೊಳಗೆ ಬರಬಹುದು. ಹೀಗಿರುವಾಗ ಹಳೆಯ ಕಾಡು ಒಂದು ಕಡೆ ಕಡಿಯಲ್ಪಟ್ಟು, ಇನ್ನೊಂದು ಕಡೆ ತೋಪು ಎದ್ದರೂ ವಿಸ್ತೀರ್ಣದ ಮೊತ್ತ ಅಲುಗುವುದಿಲ್ಲ. 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲಾಮ್ಲವಾಯುವನ್ನು ಹೆಚ್ಚುವರಿಯಾಗಿ ಕಾಡು ಮರಗಳಲ್ಲಿ ಹಿಡಿದಿಡುವುದಾಗಿ ನಮ್ಮ ಸರಕಾರ ಜಗತ್ತಿಗೆ ಮಾತು ಕೊಟ್ಟಿದೆ. 2005ಕ್ಕೆ ಹೋಲಿಸಿದರೆ 229 ಕೋಟಿ ಟನ್ ಆಗಲೇ ಸೇರಿತೆಂದು ಅದೇ ವರದಿ ಹೇಳುತ್ತದೆ. ಈ ಮೊತ್ತದಲ್ಲಿ ನಿಜವಾದ ಕಾಡೆಷ್ಟು, ತೋಟವೆಷ್ಟು ಎಂದು ಬಿಡಿಸಿ ತೋರಿಸುವಂತೆ ಕೇಳುವ ಹಕ್ಕು ಪ್ರಜೆಗಳಿಗಿದೆ.

ಉಪಗ್ರಹದಿಂದ ಎಲ್ಲವೂ ತಿಳಿಯುತ್ತದಲ್ಲ ಎನ್ನುವವರಿದ್ದಾರೆ. ಉಪಗ್ರಹ ದೊಡ್ಡ ಸಾಧನವೇ ಸರಿ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿಸಿದ ನಿಸಾರ್ ಉಪಗ್ರಹದ ರಾಡಾರು ಮೋಡವನ್ನು ತೂರಿ ನೋಡಬಲ್ಲದು. ಮಲೆನಾಡಿನ ಮಳೆಗಾಲಕ್ಕೆ ಅದು ದೊಡ್ಡ ಅನುಕೂಲ. ಆದರೆ ಆ ಬಗೆಯ ತರಂಗಕ್ಕೆ ಒಂದು ಮಿತಿಯಿದೆ. ಹೆಕ್ಟೇರಿಗೆ ಸುಮಾರು ನೂರು ಟನ್ ಒಣತೂಕ ಮೀರಿದ ಮೇಲೆ ದಟ್ಟ ಕಾಡಿಗೂ ಇನ್ನೂ ದಟ್ಟವಾದ ಕಾಡಿಗೂ ಅದರ ಕಣ್ಣಿಗೆ ಭೇದ ಕಾಣದು. ನಮ್ಮ ನಿತ್ಯಹರಿದ್ವರ್ಣದ ಕಾಡುಗಳು ಆ ಮಟ್ಟಕ್ಕಿಂತ ಎಷ್ಟೋ ಮೇಲಿವೆ. ಅದೂ ಅಲ್ಲದೆ ಯಾವ ಉಪಗ್ರಹವೂ ನೇರವಾಗಿ ತೂಕ ಹೇಳುವುದಿಲ್ಲ. ನೆಲದ ಮೇಲೆ ಅಳೆದ ತುಂಡುಗಳಿಗೆ ಹೋಲಿಸಿ ಅದರ ಸಂಕೇತವನ್ನು ತೂಕವಾಗಿ ತಿರುಗಿಸಬೇಕು. ಕೊಡಗಿನ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರೂ, ಮುದುಮಲೆಯ 50 ಹೆಕ್ಟೇರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ 1980ರ ದಶಕದ ಕೊನೆಯಿಂದ ಮರಮರಕ್ಕೆ ಗುರುತು ಹಾಕಿ ಮತ್ತೆ ಮತ್ತೆ ಅಳೆದಿದ್ದಾರೆ. ಇಂಥ ಲೆಕ್ಕದ ಬುಡದಲ್ಲಿ ಎಲ್ಲೆಡೆಯೂ ಜಿಗಣೆ ಕಚ್ಚಿಸಿಕೊಂಡು ಟೇಪು ಹಿಡಿದ ಕೂಲಿಯವನಿದ್ದಾನೆ. ಅವನ ಹೆಸರು ಯಾವ ವರದಿಯ ಮುಖಪುಟದಲ್ಲಿಯೂ ಇರುವುದಿಲ್ಲ!

ಇದ್ದದ್ದನ್ನು ಅಳೆಯುವುದು ಒಂದು ಕಷ್ಟವಾದರೆ ಮುಂದಾಗುವುದನ್ನು ಹೇಳುವುದು ಇನ್ನೊಂದು. ದಾಂಡೇಲಿಯ ಬಿದಿರಿನ ಸಂಗತಿಯನ್ನು ಹೇಳುತ್ತೇನೆ. 1950ರ ದಶಕದ ಕೊನೆಗೆ ಅಲ್ಲಿ ಕಾಗದದ ಕಾರ್ಖಾನೆ ಎದ್ದಾಗ ಉತ್ತರ ಕನ್ನಡದ ಬಿದಿರು ಅದಕ್ಕೆ ನಿರಂತರವಾಗಿ ಒದಗುವುದೆಂಬ ಅಂದಾಜಿತ್ತು. ಬಿದಿರನ್ನು ಕೊಟ್ಟದ್ದು ಅತ್ಯಲ್ಪ ಬೆಲೆಗೆ. ಬಿದಿರು ಮುಗಿಯುತ್ತ ಬಂತು, ಕಾರ್ಖಾನೆ ದೂರದೂರದ ರಾಜ್ಯಗಳಿಗೆ ಕೈಚಾಚಬೇಕಾಯಿತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಹೋಗಿ ಅಳೆದಾಗ ಕಾಗದದ ಮೇಲಿದ್ದಷ್ಟು ಬಿದಿರು ಕಾಡಿನಲ್ಲಿ ಇರಲಿಲ್ಲವೆಂಬುದು ಹೊರಬಿತ್ತು. ಇನ್ನೊಂದು ಸಂಗತಿಯೂ ತಿಳಿಯಿತು. ಮೆಳೆ ಚೆನ್ನಾಗಿ ಬೆಳೆಯಲೆಂದು ಬುಡದ ಮುಳ್ಳಿನ ಹೆಣಿಗೆಯನ್ನು ಸವರಿಸುತ್ತಿದ್ದರು. ಮುಳ್ಳು ಹೋದಕೂಡಲೆ ಕಳಲೆಗೆ ರಕ್ಷಣೆ ಹೋಯಿತು. ದನ, ಮುಸುವಗಳು ತಿಂದು ಮುಗಿಸಿದವು. ಮುಳ್ಳು ಏಕೆ ಬೇಕೆಂಬುದು ಹಳ್ಳಿಯವರಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ನೆಡುತೋಪಿನ ಬೆಳವಣಿಗೆಯ ಅಂದಾಜು ಇದಕ್ಕಿಂತ ಸುಲಭ. ಒಂದೇ ಜಾತಿ, ಒಂದೇ ವಯಸ್ಸು. ಮೊದಲು ನಿಧಾನ, ನಡುವೆ ವೇಗ, ಆಮೇಲೆ ಮತ್ತೆ ನಿಧಾನ; ತೇಗಕ್ಕೆ ಇಂಥ ಕೋಷ್ಟಕಗಳನ್ನು ಡೆಹರಾಡೂನಿನವರು ಬಹಳ ಹಿಂದೆಯೇ ಮಾಡಿದ್ದಾರೆ. ತೊಡಕಿರುವುದು ಕಡಿತದಲ್ಲಿ. ಏಳೆಂಟು ವರ್ಷಕ್ಕೊಮ್ಮೆ ಕಡಿದು ಕಾಗದಕ್ಕೆ ಕಳಿಸುವ ತೋಪಿನಲ್ಲಿ ಸರಾಸರಿ ನಿಂತಿರುವ ಇಂಗಾಲ, ಕಡಿಯುವ ದಿನ ಇದ್ದುದರ ಸುಮಾರು ಅರ್ಧ ಮಾತ್ರ. ಕಾಗದವೋ ಕೆಲವು ವರ್ಷಗಳಲ್ಲಿ ಒಲೆಗೆ, ತಿಪ್ಪೆಗೆ ಹೋಗಿ ಇಂಗಾಲ ಗಾಳಿಗೆ ಮರಳುತ್ತದೆ. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ, ಈ ಶತಮಾನದ ಕೊನೆಯವರೆಗಿನ ಲೆಕ್ಕದಲ್ಲಿ ತಾನಾಗಿ ಮರಳಿ ಬೆಳೆಯಲು ಬಿಟ್ಟ ಕಾಡು ಇಂಥ ನೆಡುತೋಪಿಗಿಂತ 40 ಪಟ್ಟು ಇಂಗಾಲ ಹಿಡಿಯುತ್ತದೆಂದು ಹೇಳಿತು. ಕಡಿಯುವ ದಿನದ ಹಿಂದಿನ ಸಂಜೆ ನಿಂತು ತೆಗೆದ ಅಳತೆಯನ್ನು ಮುಂದೊಡ್ಡಿದವರಿಗೆ ಕಡಿದ ಮರುದಿನದ ಅಳತೆಯನ್ನೂ ಕೇಳಬೇಕು.

ಎಲ್ಲಕ್ಕಿಂತ ವಿಚಿತ್ರವಾದ ಅಂದಾಜು ಇಂಗಾಲದ ಸಾಲಪತ್ರಗಳದು, ಕಾರ್ಬನ್ ಕ್ರೆಡಿಟ್ ಎನ್ನುವುದು. ‘ನಮ್ಮ ಯೋಜನೆ ಇಲ್ಲದಿದ್ದರೆ ಈ ಕಾಡಿನಲ್ಲಿ ಇಷ್ಟು ಎಕರೆ ನಾಶವಾಗುತ್ತಿತ್ತು, ನಾವು ಉಳಿಸಿದೆವು, ಉಳಿಸಿದ್ದನ್ನು ಮಾರುತ್ತೇವೆ’ ಎಂಬುದು ಅದರ ತರ್ಕ. ಆಗದೆ ಹೋದದ್ದನ್ನು ಯಾವ ಟೇಪಿನಿಂದ ಅಳೆಯುವುದು? 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆರು ದೇಶಗಳ 26 ಯೋಜನೆಗಳ ಪರಿಶೀಲನೆ ಬಂತು. ಲೆಕ್ಕ ಸಿಕ್ಕಿದ 18 ಯೋಜನೆಗಳಲ್ಲಿ 8.9 ಕೋಟಿ ಪತ್ರಗಳು ಬರಬೇಕಿದ್ದವು. ನಿಜವಾದ ಉಳಿತಾಯಕ್ಕೆ ಸರಿಹೊಂದುವುದು ಸುಮಾರು 54 ಲಕ್ಷವೆಂದು ಅವರು ಕಂಡರು. ನೂರಕ್ಕೆ ಆರು! ಪತ್ರಗಳಿಗೆ ಮುದ್ರೆ ಒತ್ತುವವರು ಇಂಥ ಪರಿಶೀಲನೆಗಳ ರೀತಿಯನ್ನು ಒಪ್ಪುವುದಿಲ್ಲ, ಅದನ್ನೂ ಹೇಳಬೇಕು. ಆದರೆ ಪತ್ರ ಕೊಂಡವನ ಹೊಗೆ ಮಾತ್ರ ಆಗಲೇ ಗಾಳಿಗೆ ಸೇರಿತ್ತು.

ನಮ್ಮ ನಾಡಿನಲ್ಲಿ ಭೂಮಿಯನ್ನು ಮೊದಲು ‘ಪಾಳು’ ಎಂದು ಬರೆದು ಅನಂತರ ತೋಪಿಗೆ ಕೊಡುವುದು ಹಳೆಯ ರೀತಿ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪೆನಿಗೆಂದು 30,000 ಹೆಕ್ಟೇರ್ ಸರಕಾರಿ ಭೂಮಿಯನ್ನು ಗೊತ್ತುಮಾಡಿದಾಗ ಅದು ಹಳ್ಳಿಗರ ಗೋಮಾಳವೂ ಸೌದೆಯ ಬೆಟ್ಟವೂ ಆಗಿತ್ತು. 1987ರ ನವೆಂಬರ್ 14ರಂದು ಹಾವೇರಿ ಸೀಮೆಯ ಕುಸನೂರಿನಲ್ಲಿ ಜನ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಹೂಡಿ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಕಡೆಗೆ ಆ ಕಂಪೆನಿ ಮುಚ್ಚಿತು. ಆಗ ಭೂಮಿ ಕೇಳಿದ್ದು ಕಾಗದದ ಹೆಸರಿನಲ್ಲಿ. ಇನ್ನು ಮುಂದೆ ಇಂಗಾಲದ ಹೆಸರಿನಲ್ಲಿ ಕೇಳಬಹುದು, ಅದೂ ಲೋಕಕಲ್ಯಾಣದ ಭಾಷೆಯಲ್ಲಿ.

2006ರ ಅರಣ್ಯ ಹಕ್ಕು ಕಾಯಿದೆ ಸಮುದಾಯದ ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕನ್ನು ಮಾನ್ಯಮಾಡಿದೆ. ಕಾಯಿದೆಯಲ್ಲಿ ಇಂಗಾಲವೆಂಬ ಹೆಸರಿಲ್ಲ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 75 ವರ್ಷದ, ಮೂರು ತಲೆಮಾರಿನ ದಾಖಲೆ ತೋರಿಸಬೇಕೆಂಬ ಷರತ್ತು ಬೇರೆ. ಆದರೂ ಕೈಯಲ್ಲಿರುವ ಆಯುಧ ಇದು. ಯಾವ ಅಳತೆಯೂ ಗ್ರಾಮಸಭೆಯ ಮುಂದೆ ನಡೆಯಲಿ, ಅಳೆದ ಪುಸ್ತಕದ ಪ್ರತಿ ಕನ್ನಡದಲ್ಲಿ ಗ್ರಾಮಸಭೆಯ ಬಳಿ ಇರಲಿ ಎಂದು ನಾವು ಪಟ್ಟುಹಿಡಿಯಬೇಕು. ಸ್ವಂತ ಜಮೀನಿನಲ್ಲಿ ಮರ ಬೆಳೆಸಲು ಯಾರಾದರೂ ಕರಾರು ತಂದರೆ ಎಷ್ಟು ವರ್ಷ, ಬೆಂಕಿ ಬಿದ್ದರೆ ನಷ್ಟ ಯಾರದು, ನಡುವೆ ಮಗಳ ಮದುವೆಗೆ ಎರಡು ಮರ ಕಡಿದರೆ ಏನು, ಅಳೆಯುವವನಿಗೆ ಸಂಬಳ ಕೊಡುವವರು ಯಾರು ಎಂದು ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಇಪ್ಪತ್ತು ಮೂವತ್ತು ವರ್ಷದ ಕರಾರಿಗೆ ರುಜು ಹಾಕುವವನು ತನ್ನ ಮಗನ ರುಜುವನ್ನೂ ಹಾಕಿದಂತೆ.

ನಾಳೆ ಬೆಳಿಗ್ಗೆ ಏಳಕ್ಕೆ ಶಿಬಿರದ ಹಿಂದಿನ ಬೆಟ್ಟದಲ್ಲಿ ಒಂದು ಹೆಕ್ಟೇರಿನ ಹತ್ತನೆಯ ಒಂದು ಭಾಗವನ್ನು ಅಳೆಯೋಣ, ಬದಿಗೆ 31.6 ಮೀಟರಿನ ಚೌಕ. ಹಗ್ಗ, ಸೀಮೆಸುಣ್ಣ ನಾವು ತರುತ್ತೇವೆ. ಬಟ್ಟೆ ಹೊಲಿಯುವವರ ಟೇಪು ಇದ್ದವರು ತನ್ನಿ, ಜಿಗಣೆಗೆ ಸುಣ್ಣ ಮರೆಯಬೇಡಿ. ಆ ಬೆಟ್ಟದಲ್ಲಿ ಸೊಪ್ಪು ಕಡಿದು ಗೊತ್ತಿರುವ ಹಿರಿಯರಿಬ್ಬರು ಮುಂದೆ ನಡೆಯುತ್ತಾರೆ. ಲೆಕ್ಕದ ಪುಸ್ತಕವನ್ನು ಹೆಣ್ಣುಮಕ್ಕಳ ತಂಡ ಬರೆದುಕೊಳ್ಳಲಿ.